ಕಾಂಕ್ರೀಟಿನ ಕೆಳಗಿನ ಮಣ್ಣು: ಹಿರೀಸಾವೆ ಗೋದಾಮಿನ ಅಂಗಳದ ಲೆಕ್ಕ

ಕಳೆದ ಸರ್ವಸದಸ್ಯರ ಸಭೆಯಲ್ಲಿ ಹಿರೀಸಾವೆ ಗೋದಾಮಿನ ಅಂದಾಜುಪಟ್ಟಿಯನ್ನು ಓದುತ್ತಿದ್ದಾಗ ಹಿಂದಿನ ಸಾಲಿನಿಂದ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ಏನ್ ಸ್ವಾಮಿ ಸೆಕ್ರೆಟರಿಗಳೇ, ಕಾಫಿ ಅಡಿಕೆ ಇಡೋಕೆ ಗೋದಾಮು ಕಟ್ಟಿಸ್ತೀರೋ, ಇಲ್ಲಾ ಇರೋ ಮಣ್ಣು ತೆಗ್ದು ಬೇರೆ ಮಣ್ಣು ತುಂಬೋದ್ರಲ್ಲೇ ನಮ್ಮ ಷೇರು ಹಣ ಮುಗಿಸ್ತೀರೋ?" ಎಂದು ಕೇಳಿದರು. ಸಭೆಯಲ್ಲಿ ನಗು ಎದ್ದಿತು. ನಾನೂ ನಕ್ಕೆ. ಆದರೆ ಪ್ರಶ್ನೆ ನ್ಯಾಯವಾದದ್ದೇ. ಲಾರಿ ನಿಲ್ಲುವ ಅಂಗಳದ ಕಾಂಕ್ರೀಟಿಗೆ ಹಾಕಿದ ಮೊತ್ತಕ್ಕೆ ಹೆಚ್ಚುಕಡಿಮೆ ಸಮನಾದ ಮೊತ್ತವನ್ನು ಆ ಕಾಂಕ್ರೀಟಿನ ಕೆಳಗಿನ ಕೆಲಸಕ್ಕೂ ಚರಂಡಿಗೂ ಹಾಕಿದ್ದೇವೆ. ಆ ಹಣ ಯಾರ ಕಣ್ಣಿಗೂ ಬೀಳುವುದಿಲ್ಲ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸುವವರೂ ಅದನ್ನು ನೋಡುವುದಿಲ್ಲ. ಸಭೆಯಲ್ಲಿ ಸಮಯವಿರಲಿಲ್ಲವಾದ್ದರಿಂದ ಉತ್ತರವನ್ನು ಪತ್ರಿಕೆಯಲ್ಲಿ ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ಅದರಂತೆ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರನಲ್ಲ. ಬಿ.ಎಸ್ಸಿ. ಓದಿ ತೋಟಕ್ಕೆ ಬಂದವನು. ಈ ವಿಷಯ ಕಲಿಯಬೇಕಾಗಿ ಬಂದದ್ದು ನನ್ನ ಸ್ವಂತ ಜೇಬು ಸುಟ್ಟ ಮೇಲೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅರಕಲಗೂಡು ಕಡೆಯ ನಮ್ಮ ತೋಟದಲ್ಲಿ ಕಾಫಿ ಕಣಕ್ಕೆ ಕಾಂಕ್ರೀಟ್ ಹಾಕಿಸಿದೆ. ಕಣ ಒಂದು ಕಡೆ ತಗ್ಗಾಗಿತ್ತು. ಹತ್ತಿರದಲ್ಲೇ ಹೂಳೆತ್ತಿದ ಕೆರೆಗೋಡು ರಾಶಿ ಬಿದ್ದಿತ್ತು. ಪುಕ್ಕಟೆ ಮಣ್ಣು, ಸಾಗಣೆಯೂ ಇಲ್ಲ. ಅದನ್ನೇ ತುಂಬಿಸಿ, ದಿಮ್ಮಸು ಹೊಡೆಸಿ, ಮೇಲೆ ನಾಲ್ಕು ಅಂಗುಲ ಕಾಂಕ್ರೀಟ್ ಹಾಕಿಸಿದೆ. ಮೊದಲ ವರ್ಷ ಕನ್ನಡಿಯಂತಿತ್ತು. ಎರಡನೆಯ ಬೇಸಿಗೆಗೆ ತುಂಬಿದ ಭಾಗದಲ್ಲಿ ಕೂದಲೆಳೆಯಂಥ ಬಿರುಕು. ಮೂರನೆಯ ವರ್ಷ ಆ ಬಿರುಕಿನಲ್ಲಿ ಚೆರಿ ಸಿಕ್ಕಿಕೊಂಡು ಕೊಳೆಯುವಷ್ಟು ಅಗಲ. ಪಾರ್ಚ್‌ಮೆಂಟಿಗೆ ಮಣ್ಣು ವಾಸನೆ ಹತ್ತಿ ಮೂಟೆಗೆ ಬೆಲೆ ಕಡಿತವಾಯಿತು. ಮೇಸ್ತ್ರಿಯನ್ನು ಬೈದೆ. ಆತನ ತಪ್ಪೇನೂ ಇರಲಿಲ್ಲ, ಕಾಂಕ್ರೀಟ್ ಚೆನ್ನಾಗಿಯೇ ಇತ್ತು. ಕೆರೆಗೋಡು ತೋಟಕ್ಕೆ ಬಂಗಾರ. ಕಾಂಕ್ರೀಟಿನ ಕೆಳಗೆ ಅದೇ ಶತ್ರುವೆಂದು ನನಗೆ ಗೊತ್ತಿರಲಿಲ್ಲ.

ಈಗ ಹಿರೀಸಾವೆಗೆ ಬರೋಣ. ಜಾಗ ಆರಿಸಿದ್ದಕ್ಕೆ ಕಾರಣ ಸದಸ್ಯರಿಗೆ ತಿಳಿದೇ ಇದೆ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಮುಗಿದ ಮೇಲೆ ಮಾಲನ್ನು ಇಟ್ಟುಕೊಂಡು ಬೆಲೆ ನೋಡಿ ಮಾರುವ ಹೊಣೆ ಬೆಳೆಗಾರನದೇ ಆಯಿತು. ದೊಡ್ಡ ತೋಟದವರಿಗೆ ಸ್ವಂತ ಗೋದಾಮು ಇದೆ, ನಮ್ಮಂಥವರಿಗೆ ಮನೆಯ ಅಟ್ಟ. ಘಟ್ಟದ ಕಡೆ ಮಳೆಗಾಲದಲ್ಲಿ ಮಾಲು ತೇವ ಹೀರುತ್ತದೆ. ಶೇಕಡಾ 10ಕ್ಕೆ ಒಣಗಿಸಿದ ಪಾರ್ಚ್‌ಮೆಂಟ್ ಆಗಸ್ಟ್ ಹೊತ್ತಿಗೆ ಏನಾಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಹಿರೀಸಾವೆಯಲ್ಲಿ ಹವೆ ಒಣಗಿದ್ದು. ಬೆಂಗಳೂರು-ಮಂಗಳೂರು ಹೆದ್ದಾರಿಯೂ ಅಲ್ಲೇ ಹಾಯುತ್ತದೆ. ನಾವೆಲ್ಲ ಇನ್ನೂ ನಲವತ್ತೆಂಟು ಎಂದೇ ಕರೆಯುವ ಆ ರಸ್ತೆ 2010ರಿಂದ ಎಪ್ಪತ್ತೈದಾಗಿದೆ. ಲಾರಿಗೆ ಅನುಕೂಲ, ಅರಕಲಗೂಡಿನ ಕಾಫಿಗೂ ಹೊಳೆನರಸೀಪುರ, ಚನ್ನರಾಯಪಟ್ಟಣದ ಅಡಿಕೆಗೂ ಒಂದೇ ಜಾಗ.

ತೊಂದರೆ ಇರುವುದು ನೆಲದಲ್ಲಿ. ಚನ್ನರಾಯಪಟ್ಟಣ ಸೀಮೆಯ ನೆಲವನ್ನು ಬಲ್ಲವರಿಗೆ ಅದರ ಸ್ವಭಾವ ಗೊತ್ತು. ದಿಣ್ಣೆಯ ಮೇಲೆ ಕೆಂಪು ಮಣ್ಣು, ಇಳಿಜಾರಿನಲ್ಲಿ ಗ್ರಾವೆಲ್, ಕೆರೆಯ ಕೆಳಗಿನ ಗದ್ದೆ ಬಯಲಿನಲ್ಲಿ ಕಪ್ಪನೆಯ ಜಿಗಟು ಜೇಡಿ. ನಮ್ಮ ನಿವೇಶನ ಮೇಲಿನ ತುದಿಯಲ್ಲಿ ಕೆಂಪಾಗಿ ಶುರುವಾಗಿ ಕೆಳಗಿನ ತುದಿಯಲ್ಲಿ ಹಳೆಯ ಗದ್ದೆಯಾಗಿ ಮುಗಿಯುತ್ತದೆ. ಗೋದಾಮಿನ ಕಟ್ಟಡ ಬಹುಪಾಲು ಕೆಂಪಿನ ಮೇಲೆ ಕೂರುತ್ತದೆ. ಲಾರಿ ತಿರುಗುವ, ತೂಕವಾಗುವ, ಮೂಟೆ ಇಳಿಸುವ ಅಂಗಳ ಅರ್ಧ ಕೆಂಪು, ಅರ್ಧ ಕಪ್ಪು. ಒಂದೇ ಕಾಂಕ್ರೀಟಿಗೆ ಎರಡು ಬಗೆಯ ನೆಲ ಎಂಬುದೇ ಇಲ್ಲಿಯ ಇಡೀ ಕಥೆ.

ಸೀಮೆಎಣ್ಣೆ ಮತ್ತು ನೀರು

ಎಲ್ಲ ಜೇಡಿಯೂ ಕೆಟ್ಟದ್ದಲ್ಲ. ಇದನ್ನು ಮೊದಲು ತಿಳಿಯಬೇಕು. ಜೇಡಿಯ ಕಣಗಳು ತೀರ ಸಣ್ಣ ಹಾಳೆಗಳು. ವೀಳ್ಯದೆಲೆಯ ಕವಳಿಗೆಯನ್ನು ನೆನೆಸಿಕೊಳ್ಳಿ. ನಮ್ಮ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಎಂಬ ಖನಿಜದಲ್ಲಿ ಈ ಎಲೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ, ನಡುವೆ ನೀರು ನುಗ್ಗುವುದಿಲ್ಲ. ಕಪ್ಪು ಜೇಡಿಯ ಮಾಂಟ್‌ಮೊರಿಲೊನೈಟ್‌ನಲ್ಲಿ ಎಲೆಗಳ ನಡುವೆ ನೀರು ಹೊಕ್ಕು ಕವಳಿಗೆಯೇ ಉಬ್ಬುತ್ತದೆ. ಬೇಸಿಗೆಯಲ್ಲಿ ಅದೇ ನೀರು ಆರಿ ಸೊರಗುತ್ತದೆ. ಏಪ್ರಿಲ್ ತಿಂಗಳಲ್ಲಿ ಬಯಲಿನ ಗದ್ದೆಯಲ್ಲಿ ನಡೆದವರಿಗೆ ಕಾಲು ಸಿಕ್ಕಿಕೊಳ್ಳುವಂಥ ಬಿರುಕುಗಳ ಪರಿಚಯವಿದೆ.

ಯಾವ ಮಣ್ಣು ಎಷ್ಟು ಉಬ್ಬುತ್ತದೆಂದು ನೋಡಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅದನ್ನು ವರ್ಗೀಕರಣದ ವಿಧಾನವಾಗಿ ರೂಪಿಸಿದವರು ನಮ್ಮ ರಾಜ್ಯದಲ್ಲೇ ದುಡಿದ ಇಬ್ಬರು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ. ಶ್ರೀಧರನ್ ಮತ್ತು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ಪ್ರೊ. ಕೆ. ಪ್ರಕಾಶ್. 2000ದಲ್ಲಿ ಪ್ರಕಟಿಸಿದರು. ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಜರಡಿ ಹಿಡಿದ ಮಣ್ಣು ಹತ್ತು ಗ್ರಾಂನಂತೆ ಎರಡು ಪಾಲು ತೆಗೆದುಕೊಳ್ಳಬೇಕು. ನೂರು ಮಿಲಿಲೀಟರಿನ ಗುರುತಿರುವ ಎರಡು ಗಾಜಿನ ಜಾಡಿ. ಒಂದರಲ್ಲಿ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. (ಈಗ ಸೀಮೆಎಣ್ಣೆ ಹುಡುಕುವುದೇ ಪರೀಕ್ಷೆಯ ಅತಿ ಕಷ್ಟದ ಭಾಗ.) ಮಣ್ಣು ಹಾಕಿ, ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ, ಒಂದು ಹಗಲು ಒಂದು ರಾತ್ರಿ ಅಲುಗಾಡಿಸದೆ ಬಿಡಬೇಕು. ಮಾರನೆಯ ದಿನ ಎರಡರಲ್ಲೂ ಮಣ್ಣು ಎಷ್ಟು ಎತ್ತರ ಕೂತಿದೆ ನೋಡಿ, ನೀರಿನ ಅಳತೆಯನ್ನು ಸೀಮೆಎಣ್ಣೆಯ ಅಳತೆಯಿಂದ ಭಾಗಿಸಬೇಕು. ಉತ್ತರ ಒಂದು ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಮಣ್ಣು ಉಬ್ಬುವುದಿಲ್ಲ. ಒಂದೂವರೆಯವರೆಗೆ ಅಲ್ಪ. ಎರಡರವರೆಗೆ ಮಧ್ಯಮ. ಎರಡರಿಂದ ನಾಲ್ಕು ಹೆಚ್ಚು. ನಾಲ್ಕು ದಾಟಿದರೆ ಅಲ್ಲಿ ಕಾಂಕ್ರೀಟ್ ಹಾಕುವ ಮುನ್ನ ಹತ್ತು ಸಲ ಯೋಚಿಸಬೇಕು.

ನೀರಿಗೆ ಜೇಡಿಯ ಎಲೆಗಳ ನಡುವೆ ನುಗ್ಗುವ ಶಕ್ತಿ ಇದೆ, ಸೀಮೆಎಣ್ಣೆಗೆ ಇಲ್ಲ. ವ್ಯತ್ಯಾಸವೇ ಉಬ್ಬರದ ಅಳತೆ. ಕೆಲವು ಕೆಂಪು ಮಣ್ಣುಗಳು ಸೀಮೆಎಣ್ಣೆಯಲ್ಲೇ ಹೆಚ್ಚು ಎತ್ತರ ಕೂರುತ್ತವೆ. ಅದನ್ನು ನೋಡಿ ಪರೀಕ್ಷೆ ತಪ್ಪಾಯಿತೆಂದು ಜಾಡಿ ಚೆಲ್ಲಬೇಡಿ, ಕೆಯೊಲಿನೈಟ್ ಮಣ್ಣಿನ ಗುಣವೇ ಹಾಗೆ. ನಮ್ಮ ನಿವೇಶನದ ಮೇಲ್ತುದಿಯ ಮಣ್ಣು ಎರಡು ಜಾಡಿಯಲ್ಲೂ ಹೆಚ್ಚುಕಡಿಮೆ ಸಮನಾಗಿ ಕೂತಿತು. ಕೆಳತುದಿಯದು ನೀರಿನಲ್ಲಿ ಸೀಮೆಎಣ್ಣೆಯ ಎರಡು ಪಟ್ಟು ಮೀರಿತು. ಇದು ಸೂಚನೆ ಮಾತ್ರ. ಪೂರ್ತಿ ಪರೀಕ್ಷೆಗೆ ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೇ ಮಣ್ಣು ಕೊಡಬೇಕು.

ಲೆಕ್ಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕಾಂಕ್ರೀಟ್ ಹಾಸಿನ ದಪ್ಪ ಲೆಕ್ಕ ಹಾಕುವ ಶಾಸ್ತ್ರಕ್ಕೆ ಮೂಲ 1926ರಲ್ಲಿ ಅಮೆರಿಕದಲ್ಲಿ ವೆಸ್ಟರ್‌ಗಾರ್ಡ್ ಎಂಬವರು ಕೊಟ್ಟ ಸೂತ್ರಗಳು. ಮುಂದೆ ಬಂದವರು ಅವನ್ನು ಪ್ರಯೋಗ ಮಾಡಿ ತಿದ್ದಿದರು. ಚಕ್ರದ ಭಾರ, ಕಾಂಕ್ರೀಟಿನ ದಪ್ಪ, ನೆಲದ ಬಲ, ಈ ಮೂರನ್ನು ಕೊಟ್ಟರೆ ಚಪ್ಪಡಿಯ ಅಂಚಿನಲ್ಲಿ ಹುಟ್ಟುವ ಬಾಗು ಒತ್ತಡ ಸಿಗುತ್ತದೆ. ನಾನು ಕುಳಿತು ಕೆಲವು ಅಂಕಿಗಳನ್ನು ಹಾಕಿ ನೋಡಿದೆ, ಎಂಜಿನಿಯರರಿಂದ ತಪ್ಪು ತಿದ್ದಿಸಿಕೊಂಡೆ.

ಭಾರದಿಂದ ಶುರು ಮಾಡೋಣ. ಹಿಂದಿನ ಆಕ್ಸಲ್‌ನಲ್ಲಿ ನಾಲ್ಕು ಚಕ್ರವಿರುವ ಸಾಮಾನ್ಯ ಲಾರಿಗೆ ಆ ಆಕ್ಸಲ್ ಮೇಲೆ ಕಾನೂನು ಒಪ್ಪುತ್ತಿದ್ದುದು 10.2 ಟನ್. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು 11.5 ಟನ್ನಿಗೆ ಏರಿಸಿತು. ಭಾರ ಏರಿದ್ದು ಶೇಕಡಾ 13ರಷ್ಟು. ಆದರೆ ರಸ್ತೆಗೆ ಆಗುವ ಹಾನಿ ಭಾರದ ನಾಲ್ಕನೆಯ ಘಾತದಲ್ಲಿ ಏರುತ್ತದೆಂಬುದು 1958-60ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತ್ಯದಲ್ಲಿ ನಡೆದ ಭಾರಿ ರಸ್ತೆ ಪ್ರಯೋಗದಿಂದ ಬಂದ ಸ್ಥೂಲ ನಿಯಮ. ಆ ಪ್ರಕಾರ ಹಾನಿ ಏರಿದ್ದು ಶೇಕಡಾ 60ಕ್ಕಿಂತ ಹೆಚ್ಚು. ಹಳೆಯ ಗೋದಾಮುಗಳ ಅಂಗಳ ನೋಡಿ "ಅಲ್ಲಿ ಆರು ಅಂಗುಲ ಸಾಕಾಗಿದೆಯಲ್ಲ" ಎನ್ನುವವರು ಇದನ್ನು ಗಮನಿಸಬೇಕು. ಆ ಅಂಗಳಗಳು ನೋಡಿದ ಲಾರಿ ಬೇರೆ, ಈಗ ಬರುವ ಲಾರಿ ಬೇರೆ.

ಆಕ್ಸಲಿನ ಒಂದು ಬದಿಯ ಜೋಡಿ ಚಕ್ರದ ಭಾರ 5.75 ಟನ್. ಎಂ-30 ದರ್ಜೆಯ ಕಾಂಕ್ರೀಟಿನ ಬಾಗು ಬಲ ಐ.ಎಸ್. 456 ಸಂಹಿತೆಯ ಸೂತ್ರದ ಪ್ರಕಾರ ಚದರ ಸೆಂಟಿಮೀಟರಿಗೆ ಸುಮಾರು 39 ಕಿಲೋಗ್ರಾಂ. ಜಲ್ಲಿಯ ತಳಪದರ ಹಾಕಿದ ಸಾಧಾರಣ ನೆಲದ ಮೇಲೆ 15 ಸೆಂ.ಮೀ. ದಪ್ಪದ ಚಪ್ಪಡಿಯ ಅಂಚಿನಲ್ಲಿ ಈ ಚಕ್ರ ನಿಂತರೆ ಹುಟ್ಟುವ ಒತ್ತಡ ಸುಮಾರು 43. ಅಂದರೆ ಬಿರುಕು ಖಂಡಿತ. 20 ಸೆಂ.ಮೀ. ಮಾಡಿದರೆ ಅದೇ ಒತ್ತಡ 28ಕ್ಕೆ ಇಳಿಯುತ್ತದೆ. ನಮ್ಮ ಅಂಗಳದಲ್ಲಿ ದಿನಕ್ಕೆ ಓಡಾಡುವ ಲಾರಿಗಳ ಸಂಖ್ಯೆಗೆ ಇದು ನೆಮ್ಮದಿಯ ಅಂಕಿ.

ಇನ್ನು ನೆಲದ ಬಲ. ನೆನೆಸಿ ಪರೀಕ್ಷಿಸಿದ ಜೇಡಿಯ ಸಿ.ಬಿ.ಆರ್. ಎಂಬ ಬಲದ ಅಳತೆ 2 ಇರಬಹುದು, ಒಳ್ಳೆಯ ಕೆಂಪು ಗ್ರಾವೆಲಿನದು 10 ಇರಬಹುದು. ಐದು ಪಟ್ಟು ವ್ಯತ್ಯಾಸ. ಆದರೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 58ನೆಯ ಸಂಹಿತೆಯ ಕೋಷ್ಟಕದಲ್ಲಿ ಇವೆರಡನ್ನು ಕಾಂಕ್ರೀಟಿಗೆ ಬೇಕಾದ ನೆಲದ ಬಿಗಿತಕ್ಕೆ ಪರಿವರ್ತಿಸಿದರೆ 21 ಮತ್ತು 55 ಎಂದು ಬರುತ್ತದೆ. ಸೂತ್ರಕ್ಕೆ ಹಾಕಿದರೆ 20 ಸೆಂ.ಮೀ. ಚಪ್ಪಡಿಯ ಅಂಚಿನ ಒತ್ತಡ ಜೇಡಿಯ ಮೇಲೆ 31, ಗ್ರಾವೆಲ್ ಮೇಲೆ 27½. ಐದು ಪಟ್ಟು ಬಲವಾದ ನೆಲದಿಂದ ಉಳಿದದ್ದು ಶೇಕಡಾ ಹತ್ತು-ಹನ್ನೊಂದು ಮಾತ್ರ!

ಈ ಅಂಕಿ ನೋಡಿದ ಯಾರಿಗಾದರೂ ಅನ್ನಿಸುವುದೇನು? "ಹಾಗಾದರೆ ಮಣ್ಣು ಯಾಕೆ ಬದಲಾಯಿಸಬೇಕು? ಒಂದೆರಡು ಅಂಗುಲ ಕಾಂಕ್ರೀಟ್ ಹೆಚ್ಚು ಹಾಕಿದರೆ ಮುಗಿಯಿತಲ್ಲ." ಕಂತ್ರಾಟುದಾರರೊಬ್ಬರು ನಮ್ಮ ಆಡಳಿತ ಮಂಡಳಿಗೆ ಹೇಳಿದ್ದೂ ಇದನ್ನೇ. ಲೆಕ್ಕದ ಮಟ್ಟಿಗೆ ಅವರ ಮಾತು ಸುಳ್ಳಲ್ಲ.

ಆದರೆ ಸೂತ್ರಕ್ಕೆ ಒಂದು ಷರತ್ತಿದೆ. ಚಪ್ಪಡಿಯ ಕೆಳಗೆ ಎಲ್ಲ ಕಡೆಯೂ ನೆಲ ತಾಗಿಯೇ ಇದೆ ಎಂದು ಅದು ಭಾವಿಸುತ್ತದೆ. ನೆಲ ಮೆತ್ತಗಿದ್ದರೂ ಚಿಂತೆಯಿಲ್ಲ, ಇರಬೇಕು ಅಷ್ಟೆ. ಜೇಡಿ ಆ ಷರತ್ತನ್ನೇ ಮುರಿಯುತ್ತದೆ. ಕಾಂಕ್ರೀಟ್ ಮುಚ್ಚಿದ ಜಾಗದಲ್ಲಿ ನೀರು ಆರಿಹೋಗುವ ದಾರಿ ಮುಚ್ಚಿ, ನಡುವಿನ ಮಣ್ಣು ತಿಂಗಳುಗಟ್ಟಲೆ ತೇವ ಕೂಡಿಸಿಕೊಂಡು ಉಬ್ಬುತ್ತದೆ. ಅಂಚಿನ ಮಣ್ಣು ಬೇಸಿಗೆಯಲ್ಲಿ ಹೊರಗಿನ ಗಾಳಿಗೆ ಒಣಗಿ ಕೆಳಗಿಳಿಯುತ್ತದೆ. ಚಪ್ಪಡಿ ನಡುವೆ ಕೂತು ಅಂಚುಗಳು ಗಾಳಿಯಲ್ಲಿ ನಿಲ್ಲುತ್ತವೆ. ಮಳೆಗಾಲದ ಮೊದಲಲ್ಲಿ ಇದು ತಿರುಗುಮುರುಗು. ಅಂಚು ನೀರು ಕುಡಿದು ಏಳುತ್ತದೆ, ನಡು ಹಿಂದುಳಿಯುತ್ತದೆ. ಚಪ್ಪಡಿಯ ಭಾರ ಇದನ್ನು ಒತ್ತಿ ಹಿಡಿಯಲಾರದೇ ಎಂದರೆ, 20 ಸೆಂ.ಮೀ. ಕಾಂಕ್ರೀಟಿನ ತೂಕ ಚದರ ಮೀಟರಿಗೆ ಅರ್ಧ ಟನ್ನೂ ಇಲ್ಲ. ಉಬ್ಬುವ ಜೇಡಿ ಐದು ಟನ್, ಹತ್ತು ಟನ್, ಅದಕ್ಕೂ ಮೀರಿ ಮೇಲಕ್ಕೆ ಒತ್ತಬಲ್ಲದು.

ಹೀಗೆ ಕೆಳಗೆ ಮಣ್ಣಿಲ್ಲದ ಮೂಲೆಯ ಮೇಲೆ ಲಾರಿ ಚಕ್ರ ಬಂದರೆ ಎಷ್ಟು ಒತ್ತಡ? ವೆಸ್ಟರ್‌ಗಾರ್ಡ್‌ಗೂ ಹಿಂದಿನ ಒಂದು ಸರಳ ಸೂತ್ರವಿದೆ. ಚಕ್ರದ ಭಾರವನ್ನು ಮೂರರಿಂದ ಗುಣಿಸಿ ದಪ್ಪದ ವರ್ಗದಿಂದ ಭಾಗಿಸುವುದು. 5,750 ಗುಣಿಸು 3, ಭಾಗಿಸು 400. ಉತ್ತರ 43. ನೆನಪಿದೆಯೆ, 15 ಸೆಂ.ಮೀ. ಚಪ್ಪಡಿ ಒಳ್ಳೆಯ ನೆಲದ ಮೇಲೆ ಬಿರುಕು ಬಿಟ್ಟದ್ದೂ ಅದೇ 43ಕ್ಕೆ. ಮೂಲೆಯ ಕೆಳಗಿನಿಂದ ಮಣ್ಣು ಜಾರಿದ ದಿನ ನಾವು ಹಣ ಕೊಟ್ಟು ಹಾಕಿಸಿದ ಹೆಚ್ಚಿನ ಎರಡು ಅಂಗುಲ ಇದ್ದೂ ಇಲ್ಲದಂತಾಯಿತು. ಅಲ್ಲೂ 28ರ ನೆಮ್ಮದಿ ಬೇಕೆಂದರೆ ಚಪ್ಪಡಿ 25 ಸೆಂ.ಮೀ. ಆಗಬೇಕು. ಸಾವಿರ ಚದರ ಮೀಟರಿಗೆ ಐದು ಸೆಂ.ಮೀ. ಹೆಚ್ಚೆಂದರೆ 50 ಘನ ಮೀಟರ್ ಕಾಂಕ್ರೀಟ್, ಸುಮಾರು ನಾನೂರು ಮೂಟೆ ಸಿಮೆಂಟು. ಅಷ್ಟಾದರೂ ಅಂಗಳ ಮಟ್ಟವಾಗಿ ಉಳಿಯುವುದಿಲ್ಲ. ಒಡೆಯದೆ ಓರೆಯಾಗಿ ಕೂರುತ್ತದೆ, ತೂಕದ ಸೇತುವೆಯ ಹತ್ತಿರ ನೀರು ನಿಲ್ಲುತ್ತದೆ.

ನಿಂತ ನೀರಿನದು ಇನ್ನೊಂದು ಕೇಡು. ಸಂದಿನೊಳಗೆ ಇಳಿದ ನೀರು ಕೆಳಗಿನ ಜೇಡಿಯನ್ನು ಕಲಸಿ ಕೆಸರು ಮಾಡುತ್ತದೆ. ಲಾರಿ ಹಾದಾಗಲೆಲ್ಲ ಚಪ್ಪಡಿ ಪಂಪಿನಂತೆ ಒತ್ತಿ ಆ ಕೆಸರನ್ನು ಸಂದಿನಿಂದ ಹೊರಕ್ಕೆ ಚಿಮ್ಮಿಸುತ್ತದೆ. ಪ್ರತಿ ಸಲವೂ ಹಿಡಿಯಷ್ಟು ನೆಲ ಹೊರಗೆ. ಇಲಿನಾಯ್ ಪ್ರಯೋಗದಲ್ಲಿ ಕಾಂಕ್ರೀಟ್ ರಸ್ತೆಗಳು ಕೆಟ್ಟದ್ದು ಮುಖ್ಯವಾಗಿ ಹೀಗೆಯೇ. ಹೆದ್ದಾರಿ ಬದಿಯ ಹೋಟೆಲುಗಳ ಅಂಗಳದಲ್ಲಿ ಮಳೆ ನಿಂತ ಮೇಲೆ ಸಂದಿನ ಇಕ್ಕೆಲದಲ್ಲಿ ಕಾಣುವ ಕೆಸರಿನ ಗೆರೆ ಇದೇ. ಇನ್ನು ಮುಂದೆ ಕಾಫಿಗೆ ನಿಲ್ಲಿಸಿದಾಗ ಗಮನಿಸಿ.

ಏನು ಮಾಡುತ್ತಿದ್ದೇವೆ

ಕಪ್ಪು ಮಣ್ಣಿನ ಈ ಕಾಟ ನಮಗಿಂತ ಉತ್ತರ ಕರ್ನಾಟಕದವರಿಗೆ ಹೆಚ್ಚು. ಮಲಪ್ರಭಾ, ತುಂಗಭದ್ರಾ ಅಚ್ಚುಕಟ್ಟಿನ ಎರೆಭೂಮಿಯಲ್ಲಿ ಕಾಲುವೆಯ ಕಾಂಕ್ರೀಟ್ ಹಾಸು ಉಬ್ಬಿ ಒಡೆಯುವುದು ದೊಡ್ಡ ತಲೆನೋವಾಗಿತ್ತು. ಮುಂಬಯಿಯ ಐ.ಐ.ಟಿ.ಯಲ್ಲಿದ್ದ ಪ್ರೊ. ಆರ್. ಕೆ. ಕಟ್ಟಿಯವರು ವರ್ಷಗಟ್ಟಲೆ ಪ್ರಯೋಗ ನಡೆಸಿ, 1970ರ ದಶಕದಲ್ಲಿ ಒಂದು ಪರಿಹಾರವನ್ನು ಮುಂದಿಟ್ಟರು. ಉಬ್ಬುವ ಮಣ್ಣಿನ ಮೇಲೆ, ಅಂಟು ಇದ್ದೂ ಉಬ್ಬದ ಮಣ್ಣಿನ ಪದರವನ್ನು ಗಟ್ಟಿಸಿ ಹಾಕಿದರೆ ಕೆಳಗಿನ ಉಬ್ಬರ ಬಹುಪಾಲು ಅಡಗುತ್ತದೆ. ಪದರ ಒಂದು ಮೀಟರಿನಷ್ಟಾದರೆ ಉಬ್ಬರ ಲೆಕ್ಕಕ್ಕಿಲ್ಲದಷ್ಟು ಕಡಿಮೆಯಾಗುತ್ತದೆ. ಕಾಲುವೆಗಳಿಗೆ ಈ ವಿಧಾನ ಮುಂದೆ ಐ.ಎಸ್. 9451 ಸಂಹಿತೆಯಲ್ಲಿ ಸೇರಿತು.

ಇಲ್ಲಿ 'ಅಂಟು ಇದ್ದೂ ಉಬ್ಬದ' ಎಂಬ ಮಾತು ಬಹಳ ಮುಖ್ಯ. ಅನೇಕರು ಜೇಡಿ ತೆಗೆದು ಮರಳನ್ನೋ ಕ್ವಾರಿಯ ಪುಡಿಯನ್ನೋ ತುಂಬುತ್ತಾರೆ. ಜೇಡಿಯ ಗುಂಡಿಯಲ್ಲಿ ಮರಳು ತುಂಬಿದರೆ ಅದು ಬಾನಿಯಾಯಿತು. ಸುತ್ತಲಿನ ಮಳೆನೀರೆಲ್ಲ ಮರಳಿಗೆ ಇಳಿದು, ಹೊರಹೋಗಲು ದಾರಿಯಿಲ್ಲದೆ, ತಳದ ಜೇಡಿಯನ್ನು ವರ್ಷವಿಡೀ ನೆನೆಸುತ್ತ ಕೂರುತ್ತದೆ. ಹಣ ಖರ್ಚು ಮಾಡಿ ಕೇಡು ತಂದುಕೊಂಡಂತೆ. ಬೇಕಾದದ್ದು ಸ್ವಲ್ಪ ಅಂಟುಳ್ಳ, ನೀರು ಸುಲಭವಾಗಿ ಬಿಡದ ಕೆಂಪು ಗ್ರಾವೆಲ್ ಮಣ್ಣು. ಅದು ನಮ್ಮ ದಿಣ್ಣೆಗಳಲ್ಲೇ ಇದೆ.

ಆದ್ದರಿಂದ ಅಂಗಳದ ಕಪ್ಪು ಭಾಗದಲ್ಲಿ 60 ಸೆಂ.ಮೀ. ಮಣ್ಣು ತೆಗೆಯುತ್ತೇವೆ. (ತೆಗೆದ ಮಣ್ಣು ತೋಟಕ್ಕೆ ಬೇಕಾದ ಸದಸ್ಯರು ಸಾಗಣೆ ಕೊಟ್ಟು ಒಯ್ಯಬಹುದು.) ತಳದ 20 ಸೆಂ.ಮೀ. ಜೇಡಿಗೆ ತೂಕದಲ್ಲಿ ಶೇಕಡಾ ನಾಲ್ಕರಷ್ಟು ಸುಣ್ಣ ಬೆರೆಸಿ, ನೀರು ಚಿಮುಕಿಸಿ, ಉತ್ತು ಬೆರೆಸಿ, ಒಂದೆರಡು ದಿನ ಹದಕ್ಕೆ ಬಿಟ್ಟು ಗಟ್ಟಿಸುತ್ತೇವೆ. ಸುಣ್ಣ ಜೇಡಿಯ ಜಿಗಟನ್ನು ಕೊಲ್ಲುತ್ತದೆ, ಮಣ್ಣು ಪುಡಿಪುಡಿಯಾಗಿ ಕೈಗೆ ಹತ್ತದಂತಾಗುತ್ತದೆ. ಎಲೆ ಅಡಿಕೆ ಹಾಕುವವರಿಗೆ ಸುಣ್ಣದ ಕಾವು ಗೊತ್ತೇ ಇದೆ. ಆದರೆ ಒಂದು ಎಚ್ಚರಿಕೆ: ನಾವು ತೋಟದ ಹುಳಿ ಕಳೆಯಲು ಎರಚುವ ಕೃಷಿಸುಣ್ಣ ಇಲ್ಲಿ ಕೆಲಸಕ್ಕೆ ಬಾರದು. ಅದು ಬರಿಯ ಕಲ್ಲುಪುಡಿ. ಬೇಕಾದದ್ದು ಸುಟ್ಟ ಸುಣ್ಣ ಅಥವಾ ಅರಳಿಸಿದ ಸುಣ್ಣ. ಕಣ್ಣಿಗೂ ಚರ್ಮಕ್ಕೂ ಅಪಾಯ, ಆಳುಗಳಿಗೆ ಕೈಚೀಲ ಕನ್ನಡಕ ಕೊಡದೆ ಮಾಡಿಸಬಾರದು.

ಅದರ ಮೇಲೆ ಕೆಂಪು ಗ್ರಾವೆಲ್ 20 ಸೆಂ.ಮೀ.ನಂತೆ ಮೂರು ಪದರ, ಪ್ರತಿ ಪದರವೂ ರೋಲರ್ ಉರುಳಿಸಿ. ಮೇಲೆ 15 ಸೆಂ.ಮೀ. ಜಲ್ಲಿ ಮಿಶ್ರಣ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಕೊನೆಗೆ 20 ಸೆಂ.ಮೀ. ಕಾಂಕ್ರೀಟ್. ಹೀಗೆ ಅಂಗಳ ಸುತ್ತಲ ನೆಲಕ್ಕಿಂತ ಒಂದಡಿ ಮೇಲೇಳುತ್ತದೆ, ಅದೂ ಬೇಕಾದದ್ದೇ. ಗ್ರಾವೆಲ್ ಪದರವನ್ನು ಕಾಂಕ್ರೀಟಿನ ಅಂಚಿಗೆ ನಿಲ್ಲಿಸದೆ ಹೊರಗೂ ಒಂದೂವರೆ ಮೀಟರ್ ಚಾಚುತ್ತೇವೆ. ಒಣಗು-ನೆನೆಯುವ ಆಟವೆಲ್ಲ ಅಂಚಿನಲ್ಲಿ ನಡೆಯುವುದರಿಂದ ಆ ಆಟ ಕಾಂಕ್ರೀಟಿನ ಹೊರಗೇ ನಡೆಯಲಿ. ಕಪ್ಪು ನೆಲ ಮುಗಿದು ಕೆಂಪು ನೆಲ ಶುರುವಾಗುವಲ್ಲಿ ಗುಂಡಿಯನ್ನು ಮೆಟ್ಟಿಲಾಗಿ ಕಡಿಯದೆ ಓರೆಯಾಗಿ ಮೇಲಕ್ಕೆ ತರುತ್ತೇವೆ. ಇಲ್ಲದಿದ್ದರೆ ಸರಿಯಾಗಿ ಆ ಗೆರೆಯ ಮೇಲೆಯೇ ಬಿರುಕು ಬರುತ್ತದೆ. ನನ್ನ ಕಣದಲ್ಲಿ ಬಂದದ್ದೂ ಅಲ್ಲೇ.

ಜೇಡಿಯನ್ನು ಗಟ್ಟಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಒಣ ಜೇಡಿಯನ್ನು ಕಲ್ಲಿನಂತೆ ಬಿಗಿದರೆ ಅದು ಮುಂದೆ ನೀರು ಕುಡಿದು ಇನ್ನೂ ಜೋರಾಗಿ ಉಬ್ಬುತ್ತದೆ. ಹದಕ್ಕಿಂತ ತುಸು ಹೆಚ್ಚು ತೇವದಲ್ಲಿ, ಅತಿಯಾಗಿ ಬಿಗಿಯದೆ ಗಟ್ಟಿಸಿ, ಮೇಲಿನ ಪದರ ಬೀಳುವತನಕ ಬಿಸಿಲಿಗೆ ಒಣಗಲು ಬಿಡಬಾರದು. ರೋಲರ್ ಚಾಲಕರಿಗೆ ಇದನ್ನು ಒಪ್ಪಿಸುವುದು ಕಷ್ಟ. ಗಟ್ಟಿಯಾದಷ್ಟೂ ಒಳ್ಳೆಯದೆಂದು ಅವರ ನಂಬಿಕೆ.

ಕಬ್ಬಿಣದ ಬಗ್ಗೆ ಕೇಳಿದವರು ಬಹಳ. ತೆಳು ಸರಳಿನ ಜಾಲರಿ ಚಪ್ಪಡಿಯ ಬಲವನ್ನು ಹೆಚ್ಚಿಸುವುದಿಲ್ಲ, ಬಿರುಕನ್ನೂ ತಡೆಯುವುದಿಲ್ಲ. ಬಂದ ಬಿರುಕು ಬಾಯಿ ತೆರೆಯದಂತೆ ಹಿಡಿಯುತ್ತದೆ, ಅಷ್ಟೆ. ಅದಕ್ಕೆ ಬದಲು ಬಿರುಕು ಎಲ್ಲಿ ಬರಬೇಕೆಂದು ನಾವೇ ನಿರ್ಧರಿಸುತ್ತೇವೆ. ನಾಲ್ಕು ಮೀಟರಿಗೊಂದರಂತೆ ಎರಡೂ ದಿಕ್ಕಿನಲ್ಲಿ, ಕಾಂಕ್ರೀಟ್ ಬಿಗಿದ ಕೆಲವೇ ಗಂಟೆಗಳಲ್ಲಿ, ದಪ್ಪದ ಮೂರನೆಯ ಒಂದು ಭಾಗದಷ್ಟು ಆಳಕ್ಕೆ ಗರಗಸದಿಂದ ಗೆರೆ ಕೊಯ್ಯುವುದು. ಮಾರನೆಯ ದಿನ ಕೊಯ್ಯೋಣವೆಂದರೆ ಅಷ್ಟರಲ್ಲಿ ಕಾಂಕ್ರೀಟ್ ತನಗೆ ಬೇಕಾದಲ್ಲಿ ತಾನೇ ಕೊಯ್ದುಕೊಂಡಿರುತ್ತದೆ. ಲಾರಿ ದಾಟುವ ಸಂದುಗಳಲ್ಲಿ ಮಾತ್ರ 25 ಮಿ.ಮೀ. ನುಣುಪು ದುಂಡು ಸರಳು, 30 ಸೆಂ.ಮೀ.ಗೊಂದು. ಅದರ ಅರ್ಧಕ್ಕೆ ಗ್ರೀಸ್ ಹಚ್ಚಿರಬೇಕು. ಚಪ್ಪಡಿ ಹಿಗ್ಗಿ ಕುಗ್ಗುವಾಗ ಸರಳು ಜಾರಬೇಕು, ಆದರೆ ಭಾರವನ್ನು ಪಕ್ಕದ ಚಪ್ಪಡಿಗೆ ದಾಟಿಸಬೇಕು. ಸಂದುಗಳಿಗೆ ಡಾಂಬರು ಮಿಶ್ರಣ ತುಂಬಿ, ಪ್ರತಿ ಮಳೆಗಾಲದ ಮುಂಚೆ ನೋಡಿ ಮತ್ತೆ ತುಂಬುವ ಕೆಲಸವನ್ನು ಗೋದಾಮಿನ ವಾಚ್‌ಮನ್ನರ ಕೆಲಸದ ಪಟ್ಟಿಯಲ್ಲಿ ಸೇರಿಸಿದ್ದೇವೆ. ಕಾಂಕ್ರೀಟಿಗೆ ಕನಿಷ್ಠ ಹದಿನಾಲ್ಕು ದಿನ ಒದ್ದೆ ಗೋಣಿತಾಟು. ಗೋಣಿಗೆ ನಮ್ಮಲ್ಲಿ ಬರವಿಲ್ಲ.

ಗೋದಾಮಿನ ಒಳನೆಲದ ಮಾತು ಚಿಕ್ಕದು. ಅಲ್ಲಿ ಚಕ್ರದ ಭಾರವಿಲ್ಲ, ಮೂಟೆಗಳ ನಿಟ್ಟಿನ ಭಾರ ಹರಡಿಕೊಂಡಿರುತ್ತದೆ. ಅಲ್ಲಿಯ ಶತ್ರು ನೆಲದಿಂದ ಏರುವ ತೇವ. ಆದ್ದರಿಂದ ಪ್ಲಾಸ್ಟಿಕ್ ಹಾಳೆ ಅಲ್ಲಿ ಇನ್ನೂ ಮುಖ್ಯ, ಮೂಟೆಗಳ ಕೆಳಗೆ ಮರದ ಹಲಗೆ ಕಡ್ಡಾಯ. ಗೋಡೆ, ಕಂಬಗಳಿಗೂ ನೆಲದ ಚಪ್ಪಡಿಗೂ ನಡುವೆ ಸಂದು ಬಿಟ್ಟಿದೆ.

ಚರಂಡಿಗೆ ಯಾಕಿಷ್ಟು ಹಣ ಎಂದವರಿಗೆ: ಜೇಡಿ ಉಬ್ಬುವುದು ನೀರಿನಿಂದ, ನೀರು ಹೆಚ್ಚಾಗಿ ಬರುವುದು ನಮ್ಮದೇ ಚಾವಣಿಯಿಂದ. ಶೀಟಿನ ಮೇಲೆ ಬಿದ್ದ ಮಳೆಯೆಲ್ಲ ಒಂದೇ ಗೆರೆಯಲ್ಲಿ ಅಂಗಳದ ಅಂಚಿಗೆ ಸುರಿದರೆ ಮೇಲೆ ಹೇಳಿದ ಕೆಲಸವೆಲ್ಲ ವ್ಯರ್ಥ. ಚಾವಣಿಯ ನೀರು ಕೊಳವೆಯಲ್ಲಿ ಇಳಿದು ಕಟ್ಟಿದ ಚರಂಡಿಯಲ್ಲಿ ಹಳ್ಳಕ್ಕೆ ಹೋಗಬೇಕು. ಅಂಗಳಕ್ಕೆ ಐವತ್ತಕ್ಕೆ ಒಂದರಂತೆ ಇಳಿಜಾರು. ಸುತ್ತ ನೆರಳಿಗೆಂದು ಸಿಲ್ವರ್ ಓಕ್ ನೆಡಬೇಕೆಂಬ ಸಲಹೆ ಬಂದಿದೆ. ಒಳ್ಳೆಯ ಮನಸ್ಸಿನ ಸಲಹೆ, ಆದರೆ ಮರದ ಬೇರು ಬೇಸಿಗೆಯಲ್ಲಿ ಜೇಡಿಯ ನೀರನ್ನೆಲ್ಲ ಹೀರಿ ಅಂಚನ್ನು ಕುಸಿಸುತ್ತದೆ. ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರದಲ್ಲಿ ನೆಡಲು ಜಾಗವಿದ್ದರೆ ನನ್ನ ಅಡ್ಡಿಯಿಲ್ಲ. ನೀಲಗಿರಿ ಮಾತ್ರ ಬೇಡವೇ ಬೇಡ.

ಮನೆಯಲ್ಲಿ ಕಣ ಹಾಕಿಸುವ ಸದಸ್ಯರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಕಣದ ಮೇಲೆ ಲಾರಿ ಓಡುವುದಿಲ್ಲ, ನಾಲ್ಕು ಅಂಗುಲ ಕಾಂಕ್ರೀಟ್ ಸಾಕು. ಕೆಳಗೆ ಕೆರೆಗೋಡು ಹಾಕಬೇಡಿ, ಹತ್ತಡಿಗೊಂದು ಸಂದು ಬಿಡಿ, ಸುತ್ತ ಚರಂಡಿ ತೋಡಿ. ಹೊಸ ಮಣ್ಣು ತುಂಬಿದ್ದರೆ ಒಂದು ಮಳೆಗಾಲ ಕಾಯಿರಿ. ಆ ಒಂದು ವರ್ಷ ಟಾರ್ಪಾಲಿನ ಮೇಲೆ ಒಣಗಿಸಿದರೂ ನಷ್ಟವಿಲ್ಲ.

ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರು ಮೊನ್ನೆ ಕಚೇರಿಗೆ ಬಂದಿದ್ದರು. ಕಿಟಕಿಯ ಕಟ್ಟೆಯ ಮೇಲಿಟ್ಟ ನಾಲ್ಕು ಜಾಡಿಗಳನ್ನು ಬಗ್ಗಿ ನೋಡಿದರು, ಕಪ್ಪು ಮಣ್ಣಿನ ಜೋಡಿಯನ್ನು ಎರಡು ಸಲ ನೋಡಿದರು. "ನಮ್ಮ ಕಣದ್ದೂ ಒಂದ್ ಹಿಡಿ ತಂದ್ಕೊಡ್ತೀನಿ, ಹಾಕಿ ನೋಡಿ ಸ್ವಾಮಿ" ಎಂದು ಹೋದರು. ಜಾಡಿಗಳು ಕಚೇರಿಯಲ್ಲೇ ಇರುತ್ತವೆ. ಬೇರೆ ಸದಸ್ಯರೂ ಕಣ ಹಾಕಿಸುವ ಮುನ್ನ ಎರಡು ಅಡಿ ಆಳದಿಂದ ಒಂದು ಸೇರು ಮಣ್ಣು ತೆಗೆದು, ಹೆಸರು ಬರೆದ ಚೀಟಿ ಕಟ್ಟಿ ತಂದುಕೊಡಬಹುದು. ಮರುದಿನ ಮಧ್ಯಾಹ್ನ ಉತ್ತರ ಸಿಗುತ್ತದೆ. ಅಂಗಳದ ಗುಂಡಿ ಗ್ರಾವೆಲ್ ತುಂಬುವತನಕ ತೆರೆದಿರುತ್ತದೆ. ಹಿರೀಸಾವೆ ಕಡೆ ಹೋದವರು ಇಳಿದು ನೋಡಬಹುದು, ಕೆಂಪು ಮುಗಿದು ಕಪ್ಪು ಶುರುವಾಗುವ ಗೆರೆ ಗುಂಡಿಯ ಗೋಡೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.